ನಾಲ್ಕು ಇಂಚಿನ ಕೊರತೆ

ಕೇಳುಗರಿಗೆ ನಮಸ್ಕಾರ.

ನಾನು ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಬಟ್ಟೆ ಕತ್ತರಿಸುವವನು. ಮನೆ ತೋರಣಗಲ್ಲಿನಲ್ಲಿ. ಓಡಾಟವೆಲ್ಲ ಪ್ಯಾಸೆಂಜರ್ ರೈಲಿನಲ್ಲೇ. ಜೇಬಿನಲ್ಲಿ ತಿಂಗಳ ಪಾಸು, ಕೊರಳಲ್ಲಿ ಅಳತೆಯ ಟೇಪು. ಟೇಪು ಇದ್ದವನ ಕೈ ಸುಮ್ಮನಿರುವುದಿಲ್ಲ. ಒಂದು ಭಾನುವಾರ ಬೋಗಿ ಖಾಲಿಯಿದ್ದಾಗ ಮೂವರು ಕೂರುವ ಬೆಂಚನ್ನು ಅಳೆದೇ ಬಿಟ್ಟೆ. ಹೆಚ್ಚುಕಡಿಮೆ 50 ಇಂಚು. ತಲೆಗೆ ಹದಿನಾರೂವರೆ.

ಪ್ಯಾಂಟಿನವನ ಲೆಕ್ಕಕ್ಕೆ ಇದು ಸಾಕು. 34ರ ಸೈಜಿನ ಗಂಡಸು ಕುಳಿತರೆ ಸುಮಾರು 15 ಇಂಚು ಜಾಗ ಹಿಡಿಯುತ್ತಾನೆ. ಅಂಗಿ ಹೊಲಿಯುವವನನ್ನು ಕೇಳಿ, ತಕರಾರು ತೆಗೆಯುತ್ತಾನೆ. ಭುಜದ ಈ ಹೊಲಿಗೆಯಿಂದ ಆ ಹೊಲಿಗೆಗೆ 18 ಇಂಚು, ಮೂವರಿಗೆ 54. ತೋಳಿನ ದಪ್ಪ ಇನ್ನೂ ಸೇರಿಸಿಲ್ಲ! ಆ ನಾಲ್ಕು ಇಂಚಿನ ಕೊರತೆ ಬೀಳುವುದು ನಡುವಿನವನ ಮೇಲೆ. ಎರಡೂ ಭುಜ ಮುಂದಕ್ಕೆ ಮಡಚಿ, ಕೈಗಳನ್ನು ಮೊಣಕಾಲ ನಡುವೆ ಸಿಕ್ಕಿಸಿ, ಬೆನ್ನು ಹಲಗೆಗೆ ತಾಗದಂತೆ ಇಸ್ತ್ರಿ ಮಾಡಿಟ್ಟ ಅಂಗಿಯ ಹಾಗೆ ಕೂರುತ್ತಾನೆ.

ಬೆಂಚನ್ನೇ ಅಗಲ ಮಾಡಬಾರದೇ? ಹಳಿಗಳ ನಡುವೆ 1676 ಮಿಲಿಮೀಟರ್. ಬೋಗಿ ಆಗಲೇ ಅದರ ಎರಡು ಪಟ್ಟಿನ ಹತ್ತಿರ, ಸುಮಾರು 3.25 ಮೀಟರ್. ಇನ್ನೂ ಚಾಚಿದರೆ ಪ್ಲಾಟ್‌ಫಾರ್ಮ್ ತಾಗುತ್ತದೆ. ಬಟ್ಟೆ ಇಷ್ಟೇ, ಕತ್ತರಿ ಇದರೊಳಗೇ ಆಡಬೇಕು. ಒಂದು ಕಡೆ ಇಬ್ಬರಿಗೇ ಬೆಂಚು ಹಾಕಿದರೆ ಕುಳಿತವರಿಗೆ ಸುಖ, ಸಾಲಿಗೊಬ್ಬರು ನಿಲ್ಲಬೇಕು. ನಿಂತವರ ಅಳತೆ ತೆಗೆಯುವವರು ಯಾರು?

ದರೋಜಿಯಲ್ಲಿ ಬುಟ್ಟಿ ಹೊತ್ತ ಒಬ್ಬ ಅಮ್ಮ ಹತ್ತುತ್ತಾರೆ. ಬುಟ್ಟಿ ಕಾಲ ಬುಡಕ್ಕೆ ಬಿತ್ತೋ ಇಲ್ಲವೋ, "ಸ್ವಲ್ಪ ಸರಿಯಪ್ಪಾ." ನಮ್ಮ ಬೆಂಚಿಗೆ ನಡುವೆ ಕೈಯಾಸರೆ ಇಲ್ಲ, ಗೆರೆ ಇಲ್ಲ, ಸರಿಯುವುದಿಲ್ಲ ಎನ್ನಲು ನೆಪವೂ ಇಲ್ಲ. ಮೂವರೂ ಸರಿಯುತ್ತೇವೆ. ತಲೆಗೆ ಈಗ ಹನ್ನೆರಡೂವರೆ. ಆಕೆ ಅಂಚಿನಲ್ಲಿ ಅರ್ಧ ಕೂತು, ಇನ್ನರ್ಧ ಭಾರವನ್ನು ಕಾಲಿನ ಮೇಲೆ ಬಿಟ್ಟು, ಕುಡತಿನಿ ದಾಟುವಷ್ಟರಲ್ಲಿ ತೂಕಡಿಸುತ್ತಾರೆ.

ಬಿಡಿ ಬಿಡಿ ಸೀಟು ಹಾಕಲಿ ಎನ್ನುವ ಗೆಳೆಯರಿದ್ದಾರೆ. ರಾತ್ರಿಯಿಡೀ ಹೋಗುವವರಿಗೆ ಹಾಕಲಿ. ನಮ್ಮ ದಾರಿಗೆ ನನಗಂತೂ ಈ ಗೆರೆಯಿಲ್ಲದ ಬೆಂಚೇ ಇರಲಿ. ಬೆಳಗಿನ ಗಾಡಿಗೆ ಇನ್ನೆರಡು ಬೋಗಿ ಸೇರಿಸಲಿ, ನಿಂತವರ ಹಿಡಿಕೆಯನ್ನು ಗಿಡ್ಡ ಹೆಣ್ಣುಮಕ್ಕಳ ಕೈಗೂ ಎಟಕುವಷ್ಟು ಕೆಳಗೆ ಇಳಿಸಲಿ.

ನಾನು ಸಾಮಾನ್ಯವಾಗಿ ಎಡಗಡೆಯ ಕಿಟಕಿ ಹಿಡಿಯುತ್ತೇನೆ. ನನ್ನ ಅಂಗಿಗಳೆಲ್ಲ ಬಲ ತೋಳಿನಲ್ಲೇ ಮೊದಲು ಸವೆಯುತ್ತವೆ.

ನಮಸ್ಕಾರ.