ಟಿಕ್ ಟಿಕ್ ಅನ್ನುವುದೆಲ್ಲ ಟ್ಯಾಪೆಟ್ ಅಲ್ಲ

ಎಲ್ಲರಿಗೂ ನಮಸ್ಕಾರ. ಹೊರಗೆ ನಿಂತಿರುವ ಆ ಎರಡು ಸೀಟಿನ ಹಳೆಯ ಕಾರನ್ನು ಬರುವಾಗ ನೋಡಿರುತ್ತೀರಿ. ಅದು ಇಲ್ಲೇ ಕೂತಿರುವ ಒಬ್ಬರದು. ಇಂಜಿನ್ನಿನಲ್ಲಿ ಏನೋ ಸದ್ದು ಬರುತ್ತಿದೆ ಅಂತ ಮಾತ್ರ ಹೇಳಿದ್ದಾರೆ. ಎಂಥ ಸದ್ದು ಅಂತ ನಾನೂ ಕೇಳಿಲ್ಲ. ನಿನ್ನೆ ಸಂಜೆಯೇ ತಂದು ನಿಲ್ಲಿಸಿ, ಆಮೇಲೆ ಸ್ಟಾರ್ಟ್ ಮಾಡಬೇಡಿ ಅಂದಿದ್ದೆ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಯಾಕೆ ಅನ್ನುವುದು ಮಾತಿನ ಮಧ್ಯೆ ಗೊತ್ತಾಗುತ್ತದೆ.

ಮೊದಲು ನನ್ನ ಕಾರಿನ ಕಥೆ. ಒಂದು ದಿನ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಟಿಕ್ ಅಂತ ಶುರುವಾಯಿತು. ಹತ್ತು ನಿಮಿಷ ಓಡಿಸಿದರೆ ಮಾಯ. ತೋರಿಸಿದ ಕಡೆ ಬಾನೆಟ್ ಎತ್ತಿದವರೇ 'ಟ್ಯಾಪೆಟ್ ಸೌಂಡ್' ಅಂದರು. ಟ್ಯಾಪೆಟ್ ಅಂದರೆ, ಗಾಳಿ ಒಳಗೆ ಬಿಡುವ, ಹೊಗೆ ಹೊರಗೆ ಕಳಿಸುವ ವಾಲ್ವುಗಳನ್ನು ತೆರೆಯಲು ಕ್ಯಾಮ್ ಶಾಫ್ಟ್ ಒತ್ತುವ ಸಣ್ಣ ತುಂಡು. ನಾನೂ ನಂಬಿದೆ. ಮೇಲಿನ ಕವರ್ ಬಿಚ್ಚಿ, ಕ್ಯಾಮ್ ಶಾಫ್ಟ್ ಎತ್ತಿ, ಆಯಿಲ್ ತುಂಬಿಕೊಂಡು ತಾನೇ ಸಂದು ಮುಚ್ಚಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಎಲ್ಲಾ ಹೊಸದು ಹಾಕಿದ್ದಾಯಿತು. ಮರುದಿನ ಬೆಳಗ್ಗೆ ಕೀ ತಿರುಗಿಸಿದರೆ ಅದೇ ಟಿಕ್ ಟಿಕ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು. ಆವತ್ತು ನಿರ್ಧಾರ ಮಾಡಿದೆ, ಸದ್ದನ್ನು ಸರಿಯಾಗಿ ಕೇಳದೆ ಇನ್ನು ಒಂದು ಬೋಲ್ಟನ್ನೂ ಬಿಚ್ಚುವುದಿಲ್ಲ ಅಂತ.

ಸರಿಯಾಗಿ ಕೇಳುವುದು ಅಂದರೆ ಏನು? ಸದ್ದು ಬಂದಾಗ ನಾವೆಲ್ಲ ಮೊದಲು ಕೇಳುವುದು 'ಎಲ್ಲಿಂದ' ಅಂತ. ಆದರೆ ಕಬ್ಬಿಣದಲ್ಲಿ ಸದ್ದು ಇಡೀ ಇಂಜಿನ್ ತುಂಬಾ ಓಡಾಡುತ್ತದೆ, ಬರೀ ಕಿವಿಗೆ ಜಾಗ ಸಿಗುವುದಿಲ್ಲ. ಅದಕ್ಕೇ ನಾನು ಮೊದಲು ಲಯ ಹಿಡಿಯುತ್ತೇನೆ. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ಕೆಳಗೆ ತಿರುಗಿಸುವ ದಂಡ, ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ತಿರುಗುವುದು ಒಂದೇ ಸುತ್ತು. ನಿಂತಲ್ಲೇ ನಿಮಿಷಕ್ಕೆ 900 ಸುತ್ತು, ಅಂದರೆ 900 ಆರ್‌ಪಿಎಂನಲ್ಲಿ ಓಡುತ್ತಿದೆ ಅಂದುಕೊಳ್ಳಿ. ಕ್ರ್ಯಾಂಕ್ ಸೆಕೆಂಡಿಗೆ 15 ಸುತ್ತು, ಕ್ಯಾಮ್ ಏಳೂವರೆ. ಒಂದು ವಾಲ್ವಿನ ಟ್ಯಾಪೆಟ್ ಬಡಿಯುತ್ತಿದ್ದರೆ ಸೆಕೆಂಡಿಗೆ ಏಳೆಂಟು ಸಲ ಕೇಳುತ್ತದೆ. ಕೆಳಗೆ ಕ್ರ್ಯಾಂಕಿನ ಕಡೆಯದಾದರೆ ಸಾಮಾನ್ಯವಾಗಿ ಅದರ ಎರಡರಷ್ಟು.

ಅಷ್ಟು ವೇಗವನ್ನು ಎಣಿಸುವುದು ಕಷ್ಟ ಅಲ್ವಾ? ಅದಕ್ಕೆ ಟೈಮಿಂಗ್ ಲೈಟ್ ಇದೆ, ಪ್ಲಗ್ಗಿಗೆ ಕಿಡಿ ಹೋದಾಗೆಲ್ಲ ಮಿಂಚುವ ದೀಪ. ಡಿಸ್ಟ್ರಿಬ್ಯೂಟರ್, ಅಂದರೆ ಕಿಡಿಯನ್ನು ಸರದಿಯಲ್ಲಿ ಪ್ಲಗ್‌ಗಳಿಗೆ ಹಂಚುವ ಭಾಗ, ಇರುವ ಕಾರಾದರೆ ಲೈಟಿನ ಕ್ಲಿಪ್ಪನ್ನು ಒಂದನೇ ಸಿಲಿಂಡರಿನ ಪ್ಲಗ್ ವೈರಿಗೆ ಹಾಕಿ, ಬೆಳಕನ್ನು ನೋಡುತ್ತಾ ಸದ್ದು ಕೇಳಿ. ಕ್ರ್ಯಾಂಕಿನ ಎರಡು ಸುತ್ತಿಗೆ ಒಂದು ಸಲ ಮಿಂಚುತ್ತದೆ. ಮಿಂಚಿಗೊಂದು ಟಿಕ್ ಬಂದರೆ ಮೇಲಿನ ಕಡೆಯದು, ಎರಡು ಬಂದರೆ ಕೆಳಗಿನದು. ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ತರಹ, ಡಿಸ್ಟ್ರಿಬ್ಯೂಟರ್ ಇಲ್ಲದೆ ಒಂದೇ ಕಾಯಿಲ್ ಎರಡು ಪ್ಲಗ್‌ಗಳಿಗೆ ಕಿಡಿ ಕೊಡುವ ಕಾರುಗಳಲ್ಲಿ ಪ್ರತಿ ಸುತ್ತಿಗೂ ಮಿಂಚುತ್ತದೆ. ಅಲ್ಲಿ ಲೆಕ್ಕ ಬೇರೆ, ಎರಡು ಮಿಂಚಿಗೆ ಒಂದು ಟಿಕ್ ಬಂದರೆ ಮೇಲಿನ ಕಡೆ.

ನನ್ನ ಕಾರಿನ ಸದ್ದು ಮಿಂಚಿಗೊಂದು ಬರುತ್ತಿತ್ತು. ಹಾಗಾದರೆ ಟ್ಯಾಪೆಟ್ಟೇ ಅಲ್ವಾ? ನಾವು ಎಡವಿದ್ದು ಇಲ್ಲೇ. ಒಂದು ಸಿಲಿಂಡರಿನಿಂದ ಹೊಗೆ ಹೊರಗೆ ಹೋಗುವುದೂ ಎರಡು ಸುತ್ತಿಗೆ ಒಂದೇ ಸಲ. ಆ ಹೊಗೆಯನ್ನು ಕೂಡಿಸಿ ಒಯ್ಯುವ ಕೊಳವೆಗಳ ಜೋಡಣೆಯೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಅದರ ಗ್ಯಾಸ್ಕೆಟ್ ಒಂದು ಕಡೆ ಬಿಟ್ಟಿದ್ದರೆ ಪ್ರತಿ ಸಲವೂ ಆ ಸಂದಿನಿಂದ ಗಾಳಿ ಚಿಮ್ಮುತ್ತದೆ, ಅದೂ ಟಿಕ್ ಅಂತಲೇ ಕೇಳುತ್ತದೆ, ಲಯವೂ ಅದೇ. ತಣ್ಣಗಿದ್ದಾಗ ಜಾಸ್ತಿ, ಬಿಸಿಯಾದಂತೆ ಕಬ್ಬಿಣ ಹಿಗ್ಗಿ ಸಂದು ಮುಚ್ಚಿಕೊಂಡರೆ ಸದ್ದು ನಿಲ್ಲುತ್ತದೆ. ಇತ್ತ ಹೈಡ್ರಾಲಿಕ್ ಟ್ಯಾಪೆಟ್ ಕೂಡ ಒಳಗೆ ಆಯಿಲ್ ತುಂಬಿಕೊಂಡ ಮೇಲೆ ಸುಮ್ಮನಾಗುತ್ತದೆ. ಸವೆದ ಬೋರಿನಲ್ಲಿ ಪಿಸ್ಟನ್ ಕಟ ಕಟ ಬಡಿಯುವುದೂ ಪಿಸ್ಟನ್ ಬಿಸಿಯಾಗಿ ಹಿಗ್ಗಿದ ಮೇಲೆ ಕಡಿಮೆಯಾಗುತ್ತದೆ. ಮೂರೂ ಬೆಳಗಿನ ಸದ್ದುಗಳೇ. ಬಿಸಿ ಇಂಜಿನ್ನನ್ನು ಗ್ಯಾರೇಜಿಗೆ ಒಯ್ದು 'ನೋಡಿ' ಅಂದರೆ ಯಾರಿಗೆ ತಾನೇ ಏನು ಕೇಳಿಸೀತು?

ಮೂರನ್ನೂ ಬೇರೆ ಮಾಡಿ ತೋರಿಸುವುದು ಲೋಡ್, ಅಂದರೆ ಇಂಜಿನ್ ಮೇಲೆ ಬೀಳುವ ಭಾರ. ಇಂಜಿನ್ ಬಿಸಿಯಾಗುವ ಮೊದಲೇ ಗೇರಿಗೆ ಹಾಕಿ, ಸ್ವಲ್ಪ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ನೋಡಿ. ಟ್ಯಾಪೆಟ್ಟಿಗೆ ಭಾರದ ಗೊಡವೆ ಇಲ್ಲ, ಆರ್‌ಪಿಎಂ ಅಷ್ಟೇ ಇದ್ದರೆ ಸದ್ದೂ ಅಷ್ಟೇ. ಎಕ್ಸಾಸ್ಟ್ ಲೀಕ್ ಆದರೆ ಚಟ ಚಟ ಅಂತ ಜೋರಾಗುತ್ತದೆ. ಪಿಸ್ಟನ್ ಸದ್ದೂ ಲೋಡಿಗೆ ಜೋರಾಗುತ್ತದೆ, ಆದರೆ ಅದು ಬ್ಲಾಕಿನ ಒಳಗಿನಿಂದ ಬರುವ ಮಂಕು ಸದ್ದು. ನನ್ನ ಕಾರು ಏರಿನಲ್ಲಿ ಚಟ ಚಟ ಅಂದಿತು. ವಾಪಸ್ ಬಂದು ಅರ್ಧ ಮೀಟರ್ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡು, ಇನ್ನೊಂದನ್ನು ಮ್ಯಾನಿಫೋಲ್ಡಿನ ಉದ್ದಕ್ಕೂ ತಂದೆ. ನಾಲ್ಕನೇ ಸಿಲಿಂಡರಿನ ಹತ್ತಿರ ಕಿವಿಗೇ ಹೊಡೆದ ಹಾಗೆ ಕೇಳಿಸಿತು. ಟಾರ್ಚ್ ಬಿಟ್ಟು ನೋಡಿದರೆ ಕಪ್ಪು ಮಸಿಯ ಗೆರೆ, ಪಕ್ಕದಲ್ಲಿ ಮ್ಯಾನಿಫೋಲ್ಡನ್ನು ಬಿಗಿಯುವ ಒಂದು ಸ್ಟಡ್ ಮುರಿದಿತ್ತು. ಇಷ್ಟೇ ವಿಷಯ.

ಪೈಪು ಗಾಳಿಯ ಸದ್ದಿಗೆ. ಲೋಹದ ಸದ್ದಿಗೆ ಉದ್ದನೆಯ ಸ್ಕ್ರೂ ಡ್ರೈವರ್ ಬೇಕು. ತುದಿಯನ್ನು ಬೋಲ್ಟಿನ ತಲೆಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ತಾಗಿಸಿ. ಫ್ಯಾನ್ ಮತ್ತು ಬೆಲ್ಟಿನಿಂದ ಕೈ, ಕೂದಲು, ಬಟ್ಟೆ ದೂರ ಇರಲಿ. ದಯವಿಟ್ಟು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಇನ್ನೊಂದು ಮಾತು. ಎಲ್ಲಾ ಟಿಕ್ ಟಿಕ್ ರೋಗವಲ್ಲ. 1962ರಿಂದ 1980ರವರೆಗೆ ಬಂದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಇಲ್ಲ. ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವೆ 0.015 ಇಂಚು, ಅಂದರೆ ಸುಮಾರು 0.38 ಮಿಲಿಮೀಟರ್ ಸಂದು ಇರಲೇಬೇಕು. ಅದು ಸಣ್ಣಗೆ ಸದ್ದು ಮಾಡುವುದೇ ಸರಿ. ಸದ್ದು ಪೂರ್ತಿ ಹೋಗಲಿ ಅಂತ ಬಿಗಿ ಮಾಡಿದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಅದರ ಬಿಸಿ ಸೀಟಿಗೆ ಇಳಿಯುವುದಿಲ್ಲ, ಕೊನೆಗೆ ಎಕ್ಸಾಸ್ಟ್ ವಾಲ್ವ್ ಸುಟ್ಟೇ ಹೋಗುತ್ತದೆ. ಸಂದು ಅಳೆಯುವ ಫೀಲರ್ ಗೇಜ್ ಹೇಳಿದ್ದನ್ನು ನಂಬಿ.

ಈಗ ಹೆದರಲೇಬೇಕಾದ ಸದ್ದು. ಬಿಗ್ ಎಂಡ್ ಬೇರಿಂಗ್, ಅಂದರೆ ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯ ಬೇರಿಂಗ್, ಹೋದರೆ ಟಿಕ್ ಅನ್ನುವುದಿಲ್ಲ, ಒಳಗಿನಿಂದ ಸುತ್ತಿಗೆಯಲ್ಲಿ ಹೊಡೆದ ಹಾಗೆ ಟಕ ಟಕ. ಬಿಸಿಯಾದಂತೆ ಆಯಿಲ್ ತೆಳುವಾಗಿ ಜಾಸ್ತಿಯಾಗುತ್ತದೆ, ಕಡಿಮೆಯಾಗುವುದಿಲ್ಲ. 2000 ಆರ್‌ಪಿಎಂ ಮೇಲೆ ಹಿಡಿದು ಆಕ್ಸಿಲರೇಟರ್ ಸ್ವಲ್ಪ ಬಿಟ್ಟ ಕ್ಷಣ ಚೆನ್ನಾಗಿ ಕೇಳುತ್ತದೆ. ಆ ಸಿಲಿಂಡರಿನ ಕಿಡಿಯನ್ನು ಎರಡು ಮೂರು ಸೆಕೆಂಡ್ ತಪ್ಪಿಸಿದರೆ ಸದ್ದು ಮೆತ್ತಗಾಗುತ್ತದೆ, ಯಾಕೆಂದರೆ ಬೇರಿಂಗ್ ಮೇಲಿನ ಹೊಡೆತ ಕಡಿಮೆಯಾಯಿತು. ಪ್ಲಗ್ ವೈರನ್ನು ಸುಮ್ನೆ ಗಾಳಿಯಲ್ಲಿ ಬಿಡಬೇಡಿ, ಸ್ಪಾರ್ಕ್ ಟೆಸ್ಟರ್ ಮೂಲಕ ಕಾರಿನ ಲೋಹದ ಮೈಗೆ ಅರ್ಥ್ ಮಾಡಿ. ಇಲ್ಲದಿದ್ದರೆ ಕಾಯಿಲ್ ಹಾಳಾಗಬಹುದು. ಅನುಮಾನ ಬಂದ ಮೇಲೆ ಕಾರು ಒಂದು ಕಿಲೋಮೀಟರ್ ಕೂಡ ಓಡಬಾರದು. ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ ನೋಡಿ. ಮಿನುಗುವ ಪುಡಿ ಇದ್ದರೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಉಕ್ಕು ಅಥವಾ ಕಬ್ಬಿಣ. ಅಂಟದಿದ್ದರೆ ಬೇರಿಂಗಿನ ಮೇಲ್ಪದರ ಇರಬಹುದು. ಆಗ ಇಂಜಿನ್ ಬಿಚ್ಚುವುದೇ ದಾರಿ. ಈಗಲೇ ಬಿಚ್ಚಿದರೆ ಕ್ರ್ಯಾಂಕ್ ಉಳಿಯಬಹುದು.

ಇಂಜಿನ್ನಿನದಲ್ಲದ ಸದ್ದುಗಳೂ ಇವೆ. ನ್ಯೂಟ್ರಲ್‌ನಲ್ಲಿ ಗುಂಯ್ ಅನ್ನುತ್ತಿದ್ದು ಕ್ಲಚ್ ಒತ್ತಿದರೆ ನಿಂತರೆ ಗೇರ್ ಬಾಕ್ಸಿನ ಬೇರಿಂಗ್. ಒತ್ತಿದಾಗ ಮಾತ್ರ ಬಂದರೆ ಕ್ಲಚ್ಚಿನ ರಿಲೀಸ್ ಬೇರಿಂಗ್. ಬೆಲ್ಟ್ ತೆಗೆದು ಅರ್ಧ ನಿಮಿಷ ಓಡಿಸಿದಾಗ ಸದ್ದು ಹೋದರೆ ಆಲ್ಟರ್ನೇಟರ್, ವಾಟರ್ ಪಂಪ್ ಕಡೆ ನೋಡಿ. ಅದಕ್ಕಿಂತ ಹೆಚ್ಚು ಹೊತ್ತು ಬೇಡ, ಪಂಪ್ ತಿರುಗದೆ ನೀರು ಓಡುವುದಿಲ್ಲ.

ಸರಿ, ಕಾರು ಈಗ ಪೂರ್ತಿ ತಣ್ಣಗಿದೆ. ಟೈಮಿಂಗ್ ಲೈಟ್, ಪೈಪ್, ಸ್ಕ್ರೂ ಡ್ರೈವರ್ ಮೂರೂ ತಂದಿದ್ದೇನೆ. ಎಲ್ಲರೂ ಹೊರಗೆ ಬನ್ನಿ. ಒಂದೇ ಕೋರಿಕೆ, ಸ್ಟಾರ್ಟ್ ಮಾಡಿದ ಮೊದಲ ಎರಡು ನಿಮಿಷ ಯಾರೂ ರೋಗದ ಹೆಸರು ಹೇಳಬೇಡಿ.