ನಿಮ್ಮ ದುಡ್ಡು ಹವಳಕ್ಕೆ ತಲುಪಲಿ, ಕಾಲು ಬೇಡ

ಎಲ್ರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ಹುಳು ಮನೇಲಿ ಸೊಪ್ಪು ಹಾಕ್ತಾ ರೇಡಿಯೋ ಕೇಳ್ತಾ ಇರೋರು, ಅಡುಗೆ ಮನೇಲಿ ಇರೋರು, ಎಲ್ರೂ ಕೇಳಿ. ಆದ್ರೆ ಇವತ್ತು ನಂಗೆ ಮುಖ್ಯವಾಗಿ ಬೇಕಾಗಿರೋದು ಡಿಸೆಂಬರ್ ರಜಕ್ಕೆ ಟಿಟಿ ಮಾಡ್ಕೊಂಡು ಮುರುಡೇಶ್ವರಕ್ಕೆ ಹೋಗೋಣ ಅಂತ ಪ್ಲಾನ್ ಹಾಕ್ತಾ ಇರೋ ಹುಡುಗ್ರು ಹುಡುಗೀರು. ದೇವಸ್ಥಾನ ನೋಡಿ ನೀವು ಅಲ್ಲಿಗೇ ನಿಲ್ಲಲ್ಲ, ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಮಾಡೋಕೆ, ಅಂದ್ರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡು ನೀರೊಳಗೆ ಹವಳ ನೋಡೋಕೆ ಹೋಗೇ ಹೋಗ್ತೀರ. ಹೋಗಿ, ಬೇಡ ಅನ್ನೋಕೆ ನಾನು ಬಂದಿಲ್ಲ. ನಂದು ಒಂದೇ ಮಾತು, ಎಷ್ಟು ಸಲ ಹೇಳಿದ್ರೂ ಬೇಜಾರ್ ಮಾಡ್ಕೋಬೇಡಿ: ನಿಮ್ ದುಡ್ಡು ಹವಳಕ್ಕೆ ತಲುಪ್ಬೇಕು, ನಿಮ್ ಕಾಲು ತಲುಪ್ಬಾರ್ದು.

ಹವಳ ಅಂದ ತಕ್ಷಣ ನಮ್ ಹೆಣ್ಮಕ್ಕಳಿಗೆ ತಾಳಿ ಸರದಲ್ಲಿ ಪೋಣಿಸಿರೋ ಕೆಂಪು ಮಣಿ ನೆನಪಾಗುತ್ತೆ. ಅದು ಬೇರೆ ಜಾತಿ. ನಾನು ಹೇಳ್ತಿರೋದು ಸಮುದ್ರದೊಳಗೆ ದಿಬ್ಬ ಕಟ್ಟೋ ಹವಳ. ನೋಡೋಕೆ ಕಲ್ಲು, ಆದ್ರೆ ಪ್ರಾಣಿ. ಸಣ್ಣ ಸಣ್ಣ ಪ್ರಾಣಿಗಳು ಸಾವಿರಾರು ಒಟ್ಟಿಗೆ ಸೇರ್ಕೊಂಡು ಮೈ ಕೆಳಗೆ ಸುಣ್ಣದ ಗೂಡು ಕಟ್ತಾ ಹೋಗ್ತವೆ, ಮೇಲಿರೋ ತೆಳು ಪೊರೆ ಅಷ್ಟೇ ಜೀವ. ಆ ಪೊರೆ ಒಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತೆ, ಅದು ಬಿಸಿಲಲ್ಲಿ ಆಹಾರ ಮಾಡಿ ಹವಳಕ್ಕೂ ಕೊಡುತ್ತೆ. ಬೇಸಿಗೆಯಲ್ಲಿ ನೀರು ಮಾಮೂಲಿಗಿಂತ ಒಂದು ಡಿಗ್ರಿ ಜಾಸ್ತಿ ಬಿಸಿಯಾಗಿ ಕೆಲವು ವಾರ ಹಂಗೇ ಇದ್ರೆ ಸಾಕು, ಹವಳ ಆ ಪಾಚಿನ ಹೊರಗೆ ತಳ್ಳಿ ಬೆಳ್ಳಗಾಗುತ್ತೆ, ಬಿಸಿ ಬೇಗ ಇಳೀದೇ ಇದ್ರೆ ಹಸಿವಿಂದ ಸಾಯುತ್ತೆ. ನಮ್ ಲಕ್ಷದ್ವೀಪದಲ್ಲಿ 1998ರಲ್ಲಿ ಹಿಂಗಾಯ್ತು, 2010ರಲ್ಲಿ ಆಯ್ತು, 2016ರಲ್ಲಿ ಆಯ್ತು, 2024ರಲ್ಲಿ ಮತ್ತೆ ಆಯ್ತು. ಸಮುದ್ರದ ತಳದಲ್ಲಿ ನೂರಕ್ಕೆ ಒಂದು ಭಾಗನೂ ಹವಳದ ದಿಬ್ಬ ಇಲ್ಲ, ಆದ್ರೆ ಸಮುದ್ರದ ಜೀವಿಗಳಲ್ಲಿ ಸುಮಾರು ಕಾಲು ಭಾಗದಷ್ಟು ಜಾತಿಗಳು ಅದನ್ನೇ ನಂಬ್ಕೊಂಡು ಬದುಕ್ತಾ ಇವೆ. ಮೊದಲೇ ಬಿಸಿಗೆ ಬೆಂದಿರೋ ಜೀವದ ಮೇಲೆ ನಾವು ಹೋಗಿ ಕಾಲಿಡ್ತೀವಿ.

ಇಲ್ಲಿ ಒಂದು ವಿಷಯ ಹೇಳ್ಲೇಬೇಕು, ಎಲ್ಲಿ ಮಾತಾಡಿದ್ರೂ ಇದನ್ನ ಹೇಳ್ತೀನಿ. ಒಂದ್ಸಲ ಶಿಡ್ಲಘಟ್ಟದ ಹತ್ರದ ಹಳ್ಳಿಯಿಂದ ರೇಷ್ಮೆ ಮಾಡೋ ಯಜಮಾನ್ರೊಬ್ರು, ಅವರ ಅಕ್ಕನ ಮಗ, ಅವನ ಫ್ರೆಂಡ್ಸು ಎಲ್ಲಾ ನೇತ್ರಾಣಿಗೆ ಬಂದಿದ್ರು, ಅದೇ ಬೋಟಲ್ಲಿ ನಾನೂ ಇದ್ದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ. ಹುಡುಗ್ರು ನೀರಿಗೆ ಬಿದ್ರು, ಯಜಮಾನ್ರು ನಾನು ಇಳಿಯಲ್ಲಪ್ಪ ಅಂತ ಬೋಟಲ್ಲೇ ಕೂತ್ರು. ನಮ್ ಕಡೆ ಮಾತು ಕೇಳಿ ಗುರುತು ಹಿಡಿದು, "ಏನಮ್ಮಾ, ಇಷ್ಟು ಓದಿ ಈ ಕಲ್ಲು ನೋಡೋಕೆ ಬಂದಿದ್ಯಾ?" ಅಂದ್ರು. ನಾನು ಫೋನಲ್ಲಿ ತೂತುಕುಡಿ ಸಮುದ್ರದ ವಿಡಿಯೋ ತೋರಿಸ್ದೆ. ಅಲ್ಲಿ ಮನ್ನಾರ್ ಕೊಲ್ಲಿಲಿ ಸುಣ್ಣಕ್ಕೆ, ಸಿಮೆಂಟಿಗೆ ಅಂತ ವರ್ಷಗಟ್ಟಲೆ ಹವಳ ಒಡೆದು ಸಾಗಿಸಿದ್ರು, ಈಗ ಸುಗಂಧಿ ದೇವದಾಸನ್ ಸಾಗರ ಸಂಶೋಧನಾ ಸಂಸ್ಥೆಯವರು 2002ರಿಂದ ಹವಳದ ತುಂಡು ಕಟ್ಟಿ ಬೆಳೆಸ್ತಾ ಇದ್ದಾರೆ. ಯಜಮಾನ್ರು ಫೋನ್ ಕಣ್ಣ ಹತ್ರ ತಗೊಂಡು ನೋಡಿ, "ಏ, ಇದು ಹಿಪ್ನೇರಳೆ ಕಡ್ಡಿ ನಾಟಿ ಅಲ್ವೇನಮ್ಮಾ? ನಾವು ವಿ-1 ಕಡ್ಡಿ ಮೂರು ನಾಲ್ಕು ಕಣ್ಣು ಬಿಟ್ಟು ಕತ್ತರಿಸಿ ನೆಡಲ್ವಾ" ಅಂದ್ರು. ನಾನು ಎಷ್ಟು ಸ್ಲೈಡ್ ಹಾಕಿ ಹೇಳಿದ್ರೂ ಜನಕ್ಕೆ ಹೋಗದ ವಿಷಯ ಅವರಿಗೆ ಒಂದೇ ನೋಟಕ್ಕೆ ಹೋಯ್ತು. ಬೇರು ಬಿಡುತ್ತಾ ಅಂದ್ರು. ಬೇರಿಲ್ಲ, ಕಲ್ಲಿಗೋ ಕಂಬಿಗೋ ಅಂಟ್ಕೊಳ್ಳುತ್ತೆ ಅಂದೆ. ವರ್ಷಕ್ಕೆ ಎಷ್ಟು ಬೆಳೆಯುತ್ತೆ? ಕವಲು ಕವಲಾಗಿ ಬೆಳೆಯೋದು ಸುಮಾರು ಹತ್ತು ಸೆಂಟಿಮೀಟರು, ಉಂಡೆ ಥರ ಬೆಳೆಯೋದು ಒಂದೇ ಸೆಂಟಿಮೀಟರು. ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದ್ರು ನೋಡಿ, "ಸೊಪ್ಪು ಕೊಯ್ಯೋ ಹಂಗಿಲ್ಲ, ಗೂಡು ಮಾರೋ ಹಂಗಿಲ್ಲ, ಮತ್ತೆ ಈ ತೋಟಕ್ಕೆ ದುಡ್ಡು ಹಾಕೋರ್ ಯಾರಮ್ಮಾ? ನೋಡೋಕ್ ಬಂದೋರೇ ತಾನೇ ಹಾಕ್ಬೇಕು?"

ಅಷ್ಟೊತ್ತಿಗೆ ಅಕ್ಕನ ಮಗ ಮೇಲೆ ಬಂದ. ಮೈ ಒರೆಸಿಕೊಳ್ಳೋ ಮುಂಚೆನೇ ವಿಡಿಯೋ ತೋರಿಸ್ದ, ಹವಳದ ಮೇಲೆ ಎರಡೂ ಕಾಲೂರಿ ನಿಂತ್ಕೊಂಡು ಹೆಬ್ಬೆರಳು ಎತ್ತಿದ್ದಾನೆ. ನಿಲ್ಲಿಸಿ ತೆಗೆದಿದ್ದು ಗೈಡೇ. ಯಜಮಾನ್ರು, "ಲೇ, ತೋಟ ತುಳಿದು ಬಂದು ವಿಡಿಯೋ ಬೇರೆ ತೋರಿಸ್ತೀಯೇನೋ" ಅಂತ ಗದರಿದ್ರು. "ಮಾವ, ಅದು ಕಲ್ಲು." "ಕಲ್ಲಲ್ವಂತೆ ಕಣೋ, ಈಯಮ್ಮನ್ನ ಕೇಳು." ಹುಡುಗನ ಮೇಲೆ ನಂಗೆ ಸಿಟ್ಟಿಲ್ಲ, ಅವನಿಗೆ ಯಾರೂ ಹೇಳೇ ಇಲ್ಲ. ಗೊತ್ತಿದ್ದೂ ನಿಲ್ಲಿಸಿದ ಗೈಡ್ ಮೇಲೆ ಇದೆ, ಈಗ್ಲೂ ಇದೆ.

ಯಜಮಾನ್ರು ಕೇಳಿದ ಪ್ರಶ್ನೆಗೆ ಉತ್ತರ ಆಗ್ಲೇ ಒಂದು ಕಡೆ ಇದೆ. ಕೆರಿಬಿಯನ್ ಸಮುದ್ರದಲ್ಲಿ ಬೊನೇರ್ ಅಂತ ಪುಟ್ಟ ದ್ವೀಪ. 1979ರಲ್ಲೇ ಸುತ್ತಲಿನ ಸಮುದ್ರನ ಪಾರ್ಕ್ ಮಾಡಿದ್ರು, 1992ರಿಂದ ಪ್ರತಿ ಡೈವರ್ ಹತ್ರ ಹತ್ತು ಡಾಲರ್ ಇಸ್ಕೊಳ್ಳೋಕೆ ಶುರು ಮಾಡಿದ್ರು, ಪಾರ್ಕ್ ನಡೆಸೋಕೆ ಆ ದುಡ್ಡು. ಅಲ್ಲಿ ಲಂಗರು ಹಾಕೋ ಹಾಗಿಲ್ಲ, ತಳಕ್ಕೆ ಕಟ್ಟಿ ನೀರ ಮೇಲೆ ತೇಲಿಬಿಟ್ಟಿರೋ ಡಬ್ಬಿ ಥರದ ಬೋಯಾಗೆ ಬೋಟ್ ಕಟ್ಬೇಕು. ಗ್ಲೌಸ್ ಹಾಕೋ ಹಾಗಿಲ್ಲ, ಹಾಕಿದ್ರೆ ಜನ ಧೈರ್ಯವಾಗಿ ಹವಳ ಹಿಡ್ಕೊಳ್ತಾರೆ. ಬಂದವರು ಮೊದಲು ಒಂದು ಡೈವ್ ಮಾಡಿ ತಳಕ್ಕೆ ತಾಗದೆ ನೀರೊಳಗೆ ತೇಲೋಕೆ ಬರುತ್ತಾ ತೋರಿಸ್ಬೇಕು. ಈಗ ಡೈವ್ ಅಂಗಡಿಯವರೇ ನೀರೊಳಗೆ ಹವಳದ ನರ್ಸರಿ ನೋಡ್ಕೊಳ್ತಾರೆ, ಟ್ರೈನಿಂಗ್ ತಗೊಂಡ ಟೂರಿಸ್ಟ್‌ಗಳು ನರ್ಸರಿಲಿ ಕಟ್ಟಿರೋ ಪಾಚಿ ಉಜ್ಜಿ ತೆಗೀತಾರೆ, ತುಂಡು ನೆಡ್ತಾರೆ. ದುಡ್ಡು ಹವಳಕ್ಕೆ ತಲುಪ್ತು, ಕಾಲು ತಲುಪ್ಲಿಲ್ಲ. ನೇತ್ರಾಣಿಲೂ ಇದೇ ಆಗ್ಬೇಕು, ಅಂಡಮಾನಲ್ಲೂ ಇದೇ ಆಗ್ಬೇಕು.

ಟೈಮ್ ಆಗ್ತಾ ಬಂತು ಅಂತ ಇಲ್ಲಿ ಸನ್ನೆ ಮಾಡ್ತಿದ್ದಾರೆ, ಬೇಗ ಹೇಳಿ ಮುಗಿಸ್ತೀನಿ. ನೆಟ್ರೆ ಬೆಳೆಯುತ್ತಾ ಅಂದ್ರೆ ಬೆಳೆಯುತ್ತೆ, ಇಂಡೋನೇಷ್ಯಾದ ಸುಲವೇಸಿಲಿ ಮೀನಿಗೆ ಬಾಂಬ್ ಹಾಕಿ ಪುಡಿಯಾಗಿದ್ದ ಕಡೆ ಕಬ್ಬಿಣದ ಚೌಕಟ್ಟಿಗೆ ತುಂಡು ಕಟ್ಟಿದ್ರು, ನಾಲ್ಕೇ ವರ್ಷಕ್ಕೆ ಚೆನ್ನಾಗಿರೋ ದಿಬ್ಬದಷ್ಟೇ ಜೋರಾಗಿ ಬೆಳೀತಾ ಇದೆ ಅಂತ 2024ರಲ್ಲಿ ಗೊತ್ತಾಯ್ತು. ಇನ್ನು ಸೇಂಟ್ ಲೂಸಿಯಾ ದ್ವೀಪದಲ್ಲಿ 353 ಡೈವರ್‌ಗಳ ಹಿಂದೆ ಈಜ್ಕೊಂಡು ಹೋಗಿ ನೋಡಿದ್ರು. ನಾಲ್ವರಲ್ಲಿ ಸುಮಾರು ಮೂವರು ಹವಳಕ್ಕೆ ತಾಗಿಸಿದ್ರು, ಜಾಸ್ತಿ ತಾಗಿದ್ದು ಕಾಲಿಗೆ ಹಾಕ್ಕೊಳ್ಳೋ ರೆಕ್ಕೆ ಥರದ ಫಿನ್ನೇ. ಬೋಟಲ್ಲಿ ಒಂದು ಮಾತು ಹೇಳಿ ಬಿಟ್ರೆ ಏನೂ ಕಮ್ಮಿ ಆಗ್ಲಿಲ್ಲ, ನೀರೊಳಗೆ ಗೈಡ್ ಹಿಡಿದು ತಿದ್ದಿದಾಗ ಕಮ್ಮಿ ಆಯ್ತು. ಅದಕ್ಕೇ ಗೈಡ್ ಗೈಡ್ ಅಂತ ಬಡ್ಕೊಳ್ತೀನಿ ನಾನು.

ಹಂಗಾಗಿ ಬುಕ್ ಮಾಡೋ ಮುಂಚೆ ಫೋನ್ ಮಾಡಿ ಕೇಳಿ. ಬೋಟ್ ಬೋಯಾಗೆ ಕಟ್ತೀರಾ, ಹವಳದ ಮೇಲೆ ಲಂಗರು ಹಾಕ್ತೀರಾ? ಒಬ್ಬ ಗೈಡ್‌ಗೆ ಎಷ್ಟು ಜನ? ಮೊದಲು ಮರಳಿರೋ ಜಾಗದಲ್ಲಿ ತೇಲೋದು ಕಲಿಸ್ತೀರಾ? ಉತ್ತರ ಕೊಡೋಕೆ ತಡವರಿಸೋರ ಹತ್ರ ಐನೂರು ರೂಪಾಯಿ ಕಮ್ಮಿ ಅಂತ ಹೋಗ್ಬೇಡಿ, ಸರಿಯಾಗಿ ಮಾಡೋರಿಗೆ ಐನೂರು ಜಾಸ್ತಿನೇ ಕೊಡಿ. ಸನ್‌ಸ್ಕ್ರೀನ್ ಮೆತ್ಕೊಂಡು ಇಳಿಯೋ ಬದ್ಲು ತುಂಬು ತೋಳಿನ ಟೀ ಶರ್ಟ್ ಹಾಕ್ಕೊಳ್ಳಿ. ಶೋಕೇಸಲ್ಲಿ ಇಡೋಕೆ ಅಂತ ಒಂದು ಚೂರೂ ತರ್ಬೇಡಿ, ಯಾರಾದ್ರೂ ಮಾರೋಕೆ ಬಂದ್ರೂ ತಗೋಬೇಡಿ, ವನ್ಯಜೀವಿ ಕಾಯ್ದೆಯಲ್ಲಿ 2001ರಿಂದ ದಿಬ್ಬ ಕಟ್ಟೋ ಹವಳನೂ ಹುಲಿನೂ ಒಂದೇ ಪಟ್ಟಿಲಿ ಇವೆ, ಸಿಕ್ಕಿಬಿದ್ರೆ ಜೈಲು. ನಮಸ್ಕಾರ.