ಪತ್ತಾಯದ ಕೋಣೆಯಲ್ಲಿ ಹಿಡಿದ ಪದಗಳು

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ಹಳೇ ಮನೆಯಲ್ಲಿ ನಾವು ನಾಲ್ವರು ಸೇರಿ ಹಾಡು ರೆಕಾರ್ಡ್ ಮಾಡುತ್ತೇವೆ. ಗಿಟಾರ್, ಕೊಳಲು, ದುಡಿ, ಮತ್ತೆ ಹಾಡಲು ಒಬ್ಬರು. ನಮ್ಮ ಸ್ಟುಡಿಯೋ ಎಂದರೆ ಆ ಮನೆಯ ಪತ್ತಾಯದ ಕೋಣೆ, ಅಂದರೆ ಭತ್ತದ ಕಣಜ ಇಡುವ ಕೋಣೆ. ದಪ್ಪ ಮುರಕಲ್ಲಿನ ಗೋಡೆ, ಮೂಲೆಯಲ್ಲಿ ಅಡಿಕೆ ತುಂಬಿದ ಗೋಣಿಗಳು. ಚಾವಡಿಯಲ್ಲಿ ಹಾಡಿದರೆ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಮೈಕ್ ಎರಡನ್ನೂ ಹಿಡಿಯುತ್ತದೆ, ಮಾತು ಮಸುಕಾಗುತ್ತದೆ. ಇಲ್ಲಿ ಗೋಣಿಗಳೇ ಅದನ್ನು ಹೀರಿಕೊಳ್ಳುತ್ತವೆ. ದುಡ್ಡು ಕೊಟ್ಟು ಫೋಮ್ ತರಬೇಕಾಗಲಿಲ್ಲ.

ನಮ್ಮಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೆಂಗಸರು ಓಬೇಲೆ ಎಂಬ ಗದ್ದೆಯ ಪದ ಹೇಳುತ್ತಿದ್ದರು, ನಿಮಗೆ ಗೊತ್ತಲ್ವಾ? ಈಗ ಗದ್ದೆಗಳು ತೋಟವಾಗಿವೆ. ಪದ ಬಲ್ಲವರು ಮನೆಗಳಲ್ಲಿ ಸುಮ್ನೆ ಕೂತಿದ್ದಾರೆ. ಅಂಥ ಒಬ್ಬ ಅಜ್ಜಿಯನ್ನು ಕರೆದು ತಂದೆವು. ಮೊದಲೇ ಗಿಟಾರ್ ನುಡಿಸಿ ಇಟ್ಟುಕೊಂಡಿದ್ದೆವು, ತಾಳ ತಪ್ಪದ ಹಾಗೆ ಟಿಕ್ ಟಿಕ್ ಎನ್ನುವ ಕ್ಲಿಕ್ ಹಾಕಿ. ಅಜ್ಜಿಯ ಕಿವಿಗೆ ಹೆಡ್‌ಫೋನ್ ಕೊಟ್ಟು ಹಾಡಿ ಎಂದೆವು. ಎರಡು ಸಾಲು ಹೇಳಿ ನಿಲ್ಲಿಸಿದರು. "ಮಗಾ, ಇದು ಒಬ್ಬಳೇ ಹೇಳುವ ಪದ ಅಲ್ಲ" ಎಂದರು.

ನಾನು ಅದನ್ನು ಮೊದಲೇ ಯೋಚಿಸಬೇಕಿತ್ತು. ಒಬ್ಬಳು ಸಾಲು ಎತ್ತುತ್ತಾಳೆ, ಉಳಿದವರು ಸೊಲ್ಲು ಕೊಡುತ್ತಾರೆ, ಅಂದರೆ ಒಟ್ಟಿಗೆ ಉತ್ತರವಾಗಿ ಹಾಡುತ್ತಾರೆ. ಆ ಹೊತ್ತಿನಲ್ಲಿ ಎತ್ತಿದವಳಿಗೆ ಉಸಿರು ಸಿಗುತ್ತದೆ, ಮುಂದಿನ ಸಾಲು ನೆನಪಾಗುತ್ತದೆ. ಉತ್ತರ ಕೊಡುವವರಿಲ್ಲದೆ ಪದ ನೆನಪಿಗೇ ಬರುವುದಿಲ್ಲ.

ಮರುದಿನ ಅವರ ಜೊತೆ ನೇಜಿ ನೆಟ್ಟ ಇನ್ನಿಬ್ಬರು ಬಂದರು. ಹೆಡ್‌ಫೋನ್, ಕ್ಲಿಕ್ ಎರಡನ್ನೂ ತೆಗೆದಿಟ್ಟೆವು. ಮೂವರನ್ನೂ ನೆಲದಲ್ಲಿ ಎದುರುಬದುರು ಕೂರಿಸಿ, ಎತ್ತುವ ಅಜ್ಜಿಗೆ ಒಂದು ಮೈಕ್, ಉಳಿದಿಬ್ಬರಿಗೆ ಸ್ವಲ್ಪ ದೂರದಲ್ಲಿ ಇನ್ನೊಂದು ಇಟ್ಟೆವು. ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಸೋರುತ್ತದೆ, ನಿಜ. ಆಮೇಲೆ ಬೇರೆ ಬೇರೆ ಮಾಡಿ ತಿದ್ದಲು ಆಗುವುದಿಲ್ಲ. ಆದರೂ ಆ ಹಾಡು ಅದರಲ್ಲೇ ಇದೆ.

ಹನ್ನೊಂದು ನಿಮಿಷ ಬಂತು. ಕತ್ತರಿಸಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ರೆಕಾರ್ಡಿಗೆ ಹಾಡಿದ ಕಾಲದಲ್ಲಿ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟೇ ಜಾಗ ಇತ್ತು. ನಮಗೆ ಆ ಕಟ್ಟು ಇಲ್ಲ.

ಇನ್ನು ಗಿಟಾರ್ ವಿಷಯ. ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗಳು ಒಂದು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡುತ್ತವೆ. ಅಜ್ಜಿಯ ಗಾಂಧಾರ ಆ ಪಟ್ಟಿಗಳ ನಡುವೆ ಎಲ್ಲೋ ಕೂರುತ್ತದೆ. ಹಲವು ಸ್ವರ ಒಟ್ಟಿಗೆ ನುಡಿಸುವ ಪೂರ್ತಿ ಕಾರ್ಡ್ ಹಿಡಿದರೆ ಎರಡು ಗಾಂಧಾರಗಳು ಜಗಳಾಡುತ್ತವೆ, ಕೇಳುವವರಿಗೆ ಅಜ್ಜಿಯೇ ಅಪಸ್ವರ ಎನಿಸುತ್ತದೆ. ಎಷ್ಟು ದೊಡ್ಡ ಅನ್ಯಾಯ ನೋಡಿ! ಹಾಗಾಗಿ ನಮ್ಮ ಗಿಟಾರಿನವನು ಷಡ್ಜ, ಪಂಚಮ ಎರಡನ್ನೇ ಮೀಟುತ್ತಾನೆ, ತಂಬೂರಿಯ ಹಾಗೆ. ಅವರ ಶ್ರುತಿ ಎಲ್ಲಿದೆಯೋ ಅಲ್ಲಿಗೆ ಕೇಪೋ (ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್ಪು) ಹಾಕಿ, ತಂತಿಯನ್ನು ಇನ್ನೂ ಸ್ವಲ್ಪ ತಿರುಗಿಸಿ ಸೇರಿಸುತ್ತಾನೆ. ಅವರನ್ನು ನಮ್ಮ ಶ್ರುತಿಗೆ ಎಳೆಯುವುದಿಲ್ಲ.

ನಮ್ಮದೇ ಹಾಡುಗಳನ್ನೂ ಕಟ್ಟುತ್ತೇವೆ. ಚಂದ್ರಗಿರಿ ಹೊಳೆ ದಾಟಿ ಕೆಲಸಕ್ಕೆ ಹೋಗುವವರ ಬಗ್ಗೆ ಒಂದು ಇದೆ. ಅದು ಮಳೆಗಾಲದಲ್ಲಿ ಆಯಿತು. ದುಡಿಯ ಚರ್ಮ ತಂಪಿಗೆ ಸಡಿಲವಾಗಿ, ಟೇಕ್ ಟೇಕಿಗೂ ಒಲೆಯ ಹತ್ತಿರ ಹಿಡಿದು ಬಿಸಿ ಮಾಡಿದೆವು. ಅದರಲ್ಲಿ ಸಾಲು ಎತ್ತಿ ಸೊಲ್ಲು ಕೊಡುವ ಕ್ರಮ ಅಜ್ಜಿಯಿಂದ ಕಲಿತದ್ದು. ಹಾಗೆಂದು ಅದನ್ನು ಜನಪದ ಎಂದು ಕರೆಯುವುದಿಲ್ಲ. ನಿನ್ನೆ ಬರೆದ ಹಾಡು ನಿನ್ನೆಯದೇ.

ಒಂದು ಮಾತು ಒತ್ತಿ ಹೇಳಬೇಕು. ಪದಕ್ಕೆ ಒಡೆಯರಿಲ್ಲ, ಆದ್ದರಿಂದ ಯಾರನ್ನೂ ಕೇಳಬೇಕಾಗಿಲ್ಲ ಎನ್ನುವವರು ಜಾಸ್ತಿ. ಪದ ಎಲ್ಲರದ್ದಿರಬಹುದು, ಹಾಡಿದ್ದು ಮಾತ್ರ ಹಾಡಿದವರದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಹಾಡಿದವರಿಗೆ 50 ವರ್ಷಗಳ ಹಕ್ಕು ಕೊಟ್ಟಿದೆ. ಮೂವರಿಗೂ ಓದಿ ಹೇಳಿ, ಒಪ್ಪಿಗೆ ಬರೆಸಿಕೊಂಡು, ಬಂದ ಹಣದಲ್ಲಿ ಏಳು ಪಾಲು ಮಾಡಿದೆವು. ಹೆಸರು ಹಾಕುವಾಗ ಅವರು ಮೊದಲು, ನಾವು ಕೊನೆಗೆ.

ಈಗ ಆ ಮೂವರ ಹಾಡು ಕೇಳಿಸುತ್ತೇನೆ. ಶುರುವಿಗೆ ಬಳೆಯ ಸದ್ದು, ನಡುವೆ ಒಮ್ಮೆ ಕೆಮ್ಮು ಇದೆ. ಹಾಗೇ ಬಿಟ್ಟಿದ್ದೇವೆ. ಓಬೇಲೆ ಬಂದಾಗ ನೀವೂ ಸೊಲ್ಲು ಕೊಡಿ.